ಸೇರಿಸಿದ ಒಂದು ಮಾತು

ಮೇಣದ ಮೇಲೆ ಕೃತಕ ಹಲ್ಲು ಕೂರಿಸುವಾಗ ಉಸಿರು ಬಿಗಿಹಿಡಿಯುವುದು ಅವನ ಹಳೆಯ ಅಭ್ಯಾಸ. ಆ ಭಾನುವಾರ ಬೆಳಿಗ್ಗೆ ಉಸಿರು ಬಿಗಿಹಿಡಿದಿದ್ದರೂ ತುಟಿಗಳು ಅಲುಗುತ್ತಿವೆ ಎಂಬುದು ಅವನ ಗಮನಕ್ಕೆ ತಡವಾಗಿ ಬಂತು. ಚಿಮುಟ ಕೆಳಗಿಟ್ಟ. ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯುದ್ದದ ಹಲಗೆಗಳ ಮೇಲೆ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿದ್ದವು, ಕೆಳದವಡೆಯ ಮೇಲೆ ಮೇಲ್ದವಡೆ ಮುಚ್ಚಿಕೊಂಡು. ಈ ಬಾಯಿಗಳ ಒಡೆಯರನ್ನು ಅವನು ಕಂಡವನಲ್ಲ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಅವನು ಹಲ್ಲು ಕಟ್ಟಿ ಕಳಿಸುತ್ತಾನೆ, ಯಾರೋ ಎಲ್ಲೋ ಅದನ್ನು ಹಾಕಿಕೊಂಡು ನಗುತ್ತಾರೆ. ಊರಿನವರು ಅವನನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಹಲ್ಸೆಟ್ಟು ಎಂದೂ ಕರೆಯುತ್ತಿದ್ದರು; ಎರಡೂ ಅವನಿಗೆ ಗೊತ್ತಿತ್ತು, ಎರಡರಿಂದಲೂ ಅವನಿಗೆ ಸ್ವಲ್ಪ ಮುಜುಗರವಾಗುತ್ತಿತ್ತು. ಭಾನುವಾರ ಲ್ಯಾಬಿಗೆ ಬರಬೇಕಾದ ಕೆಲಸವೇನೂ ಇರಲಿಲ್ಲ. ಅರ್ಜೆಂಟ್ ಸೆಟ್ ಇದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಬಂದಿದ್ದ. ಅವಳು ನಂಬಿರಲಿಲ್ಲ. ಅವನು ಬಂದದ್ದು ಒಬ್ಬನೇ ಕೂತು ಇವತ್ತು ಮಧ್ಯಾಹ್ನ ಪುರಭವನದ ವೇದಿಕೆಯ ಮೇಲೆ ಹೇಳಬೇಕಾದ್ದನ್ನು ಯೋಚಿಸುವುದಕ್ಕೆ. ಯೋಚನೆಯ ಬದಲು ತುಟಿಗಳು ತಮ್ಮಷ್ಟಕ್ಕೆ ಅದನ್ನು ಹೇಳಿಕೊಳ್ಳುತ್ತಿದ್ದವು: ನಾನು ರೈಲ್ವೆ ಗೇಟಿನ ಆಚೆ ಅಂಗಿ ಗುಂಡಿಗಳ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು, ನನ್ನ ಅಣ್ಣ, ಇಬ್ಬರೇ. ಮತ್ತು ಕೊನೆಗೆ, ಯಾವ ತಡೆಯೂ ಇಲ್ಲದೆ, ಎಣ್ಣೆ ಹಾಕಿದ ಬಾಗಿಲು ತೆರೆದುಕೊಂಡಂತೆ: ಕಲ್ಲು ಹೊಡೆದವನ ಮುಖ ನಾನು ನೋಡಿದ್ದೇನೆ. ಅವನನ್ನು ನಾನು ಕ್ಷಮಿಸಿದ್ದೇನೆ.

ಈ ಕೊನೆಯ ಮಾತನ್ನು ಗುಂಡಿ ಅಂಗಡಿಯಾಕೆ ಹೇಳಿರಲಿಲ್ಲ. ಅದನ್ನು ಅವನೇ ಸೇರಿಸಿದ್ದ.

ಗೇಟಿನ ಆಚೆಯವರು, ಈಚೆಯವರು ಎಂದರೆ ಸಾಕಿತ್ತು, ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಬೇರೆ ಮನೆಮಾತು, ಬೇರೆ ಪ್ರಾರ್ಥನೆ, ಸತ್ತವರನ್ನು ಬೇರೆ ದಿಕ್ಕಿಗೆ ಕೊಂಡೊಯ್ಯುವ ದಾರಿ. ಎರಡು ವರ್ಷದ ಹಿಂದೆ ನಡೆದ ಗಲಾಟೆ ಯಾಕೆ ಶುರುವಾಯಿತು ಎಂದು ಕೇಳಿದರೆ ಈಗ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಯಾರ ಬಾಗಿಲನ್ನು ಯಾರು ಮುರಿದರು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು. ಆಮೇಲೆ ನಿವೃತ್ತಿಯಾದ ಡ್ರಾಯಿಂಗ್ ಮೇಡಂ ನೆರೆಹೊರೆ ಕೂಟ ಅಂತ ಒಂದನ್ನು ಕಟ್ಟಿದರು. ಮೊದಲು ಎಲ್ಲರಿಗೂ ಒಟ್ಟಿಗೆ ಊಟ ಹಾಕಿಸಿದರು. ಅವರವರು ಅವರವರ ಪಾತ್ರೆಯ ಸುತ್ತ ನಿಂತು ಉಂಡು ಕೈತೊಳೆದು ಹೋದರು. ಹಾಡಿನ ಕಾರ್ಯಕ್ರಮ ಮಾಡಿಸಿದರು. ಅವರವರು ತಮ್ಮ ಹಾಡಿಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಫುಟ್‌ಬಾಲ್ ಆಡಿಸಿದಾಗ ಇನ್ನೊಂದು ಗಲಾಟೆಯೇ ಆಗುವುದರಲ್ಲಿತ್ತು. ಕೊನೆಗೆ ಅವರು ಅದಲುಬದಲು ಎಂಬ ಪದ್ಧತಿ ತಂದರು. ಆಚೆಯವರೊಬ್ಬರು, ಈಚೆಯವರೊಬ್ಬರು ಎದುರುಬದುರು ಕುರ್ಚಿ ಹಾಕಿಕೊಂಡು ಗಲಾಟೆಯ ದಿನ ತಮಗೇನಾಯಿತು ಅಂತ ಒಬ್ಬರಿಗೊಬ್ಬರು ಹೇಳಬೇಕು. ಕೇಳುವವರು ನಡುವೆ ಬಾಯಿ ಹಾಕುವಂತಿಲ್ಲ. ಮೇಡಂ ಗಂಟೆ ಬಾರಿಸಿದಾಗ ಮಾತು ನಿಲ್ಲಿಸಬೇಕು. ಆಮೇಲೆ ವೇದಿಕೆ ಹತ್ತಿ ಇವರ ಕಥೆ ಅವರು, ಅವರ ಕಥೆ ಇವರು, 'ನಾನು' ಎಂದುಕೊಂಡೇ ಜನರಿಗೆ ಹೇಳಬೇಕು. ನಿಯಮ ಒಂದೇ. ಮರೆತದ್ದನ್ನು, ಹೇಳಲಾಗದ್ದನ್ನು ಬಿಡಬಹುದು. ಆದರೆ ಏನನ್ನೂ ಸೇರಿಸಬಾರದು. 'ಬಿಡಬಹುದು, ಸೇರಿಸಬಾರದು' ಎಂದು ಮೇಡಂ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಎಲ್ಲರಿಂದಲೂ ಹೇಳಿಸುತ್ತಿದ್ದರು. ಅವನೂ ಹೇಳಿದ್ದ, ಎಲ್ಲರಿಗಿಂತ ಗಟ್ಟಿಯಾಗಿ.

ಹೋದ ತಿಂಗಳು ಶಾಲೆಯ ಕೋಣೆಯೊಂದರಲ್ಲಿ ಅವನೂ ಗುಂಡಿ ಅಂಗಡಿಯಾಕೆಯೂ ಎದುರುಬದುರು ಕೂತಿದ್ದರು. ಆಕೆ ಅವನಿಗಿಂತ ಸ್ವಲ್ಪ ದೊಡ್ಡವಳು. ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು, ಯಾರದೋ ಮನೆಯ ವಿಷಯದಂತೆ ಹೇಳಿದಳು. ಅಂಗಡಿಯ ಶಟರ್ ಬಗ್ಗಿಸಿ ಒಳಗೆ ಬಂದರು. ಗುಂಡಿಯ ಟ್ರೇಗಳನ್ನೆಲ್ಲ ಬೀದಿಗೆ ಎಸೆದರು. ತಾನು ಬೇಡ ಬೇಡ ಎಂದರೂ ಅಣ್ಣ ಕೇಳದೆ ಬೀದಿಗಿಳಿದು, ಮಂಡಿಯೂರಿ, ಗುಂಡಿ ಆರಿಸತೊಡಗಿದ. ಮುತ್ತಿನ ಗುಂಡಿ ಒಂದು ಕಡೆ, ಕೋಟಿನ ಗುಂಡಿ ಒಂದು ಕಡೆ, ಅಲ್ಲೂ ಬೇರೆ ಬೇರೆ ಮಾಡುತ್ತಿದ್ದ. ಆಗ ಕಲ್ಲು ಬಂತು. ಒಂದು ಕಣ್ಣು ಹೋಯಿತು, ಇನ್ನೊಂದರಲ್ಲಿ ಈಗ ಬೆಳಕು ನೆರಳು ಅಷ್ಟೇ. 'ಹೊಡೆದವನ ಮುಖ ನಾನು ನೋಡ್ದೆ,' ಎಂದಳು. ಹಾಗೆಂದು ಸುಮ್ಮನಾದಳು. ಬಾಯಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಅವನು ಕಾದ. ಮೇಡಂ ಗಂಟೆ ಬಾರಿಸಿದರು.

ತನ್ನ ಸರದಿಯಲ್ಲಿ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಏನೂ ಆಗಲಿಲ್ಲ ಎಂಬುದನ್ನೇ ಹೇಳಿದ್ದ. ಆಕೆ ವೇದಿಕೆ ಹತ್ತಿ ಅದನ್ನು ಹಾಗೆಯೇ ಒಪ್ಪಿಸಿದಳು: 'ನಾನು ಹಲ್ಲು ಕಟ್ಟುವವನು. ಗಲಾಟೆಯ ದಿನ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿದ್ದೆ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಕೂಗಾಟ ಕೇಳಿಸಿತು. ನಾನು ಕಿಟಕಿಯನ್ನೂ ಹಾಕಿದೆ. ಸಂಜೆ ಎಲ್ಲ ನಿಂತ ಮೇಲೆ ಕಿಟಕಿ ತೆಗೆದೆ.' ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜನ ಮುಗಿಯಿತೋ ಇಲ್ಲವೋ ಎಂದು ಅನುಮಾನಿಸುತ್ತಲೇ ಚಪ್ಪಾಳೆ ತಟ್ಟಿದರು. ಆಕೆ ಒಂದಕ್ಷರವನ್ನೂ ಸೇರಿಸಿರಲಿಲ್ಲ. ತಾನು ಇಷ್ಟೇ ಎಂದು ಅವನಿಗೆ ಮೊದಲೂ ಗೊತ್ತಿತ್ತು, ಆದರೆ ಮೈಕಿನಲ್ಲಿ ಕೇಳಿರಲಿಲ್ಲ. ಕಿವಿ ಬಿಸಿಯಾಯಿತು. ಹಿಂದೆ ಓದುತ್ತಿದ್ದ ಸಂಜೆ ಕಾಲೇಜಿನ ಚರ್ಚಾಕೂಟಗಳಲ್ಲಿ ದಿನವಿಡೀ ದುಡಿದು ಬಂದ ಸುಸ್ತಿನಲ್ಲೂ ಅವನು ಎದ್ದು ನಿಂತರೆ ಮೇಷ್ಟ್ರು ತಲೆ ಎತ್ತುತ್ತಿದ್ದರು. ಆ ಕಾಲ ಯಾಕೋ ನೆನಪಾಯಿತು. ಆಮೇಲೆ ಅವನು ಮೈಕಿನ ಮುಂದೆ ನಿಂತ. ಆಕೆ ಹೇಳಿದ್ದನ್ನೇ ಹೇಳಿದ, ಆದರೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಅವನಿಗೆ ಗೊತ್ತಿತ್ತು. ಮಂಡಿಯೂರಿ ಗುಂಡಿ ಆರಿಸುವ ಅಣ್ಣನ ಹತ್ತಿರ ಬಂದಾಗ ಸಭೆಯಲ್ಲಿ ಕೆಮ್ಮು ಕೂಡ ನಿಂತಿತು. ಮುಖ ನಾನು ನೋಡಿದ್ದೇನೆ ಎಂದ. ಆಕೆ ಸುಮ್ಮನಾದ ಜಾಗದಲ್ಲಿ ಅವನೂ ಸುಮ್ಮನಾದ. ಇಡೀ ಸಭೆ ಅವನ ಬಾಯಿಯನ್ನೇ ನೋಡುತ್ತಿತ್ತು. ಬಿಟ್ಟ ಜಾಗವನ್ನು ಹಾಗೇ ಬಿಡುವುದು ಅವನ ಕೈಗೆ ಗೊತ್ತಿಲ್ಲದ ಕೆಲಸ. ಎಲ್ಲಿ ಹಲ್ಲಿಲ್ಲವೋ ಅಲ್ಲಿ ಒಂದನ್ನು ಕೂರಿಸುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ಮಾತು ಬಂದೇಬಿಟ್ಟಿತು.

ಚಪ್ಪಾಳೆ ನಿಲ್ಲಲೇ ಇಲ್ಲ. ಮೇಡಂ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಗುಂಡಿ ಅಂಗಡಿಯಾಕೆ, ಬೇರೆಯವರ ಸ್ವೆಟರನ್ನು ತಪ್ಪಿ ತನ್ನ ಹೆಗಲಿಗೆ ಹಾಕಿದವನನ್ನು ನೋಡುವ ಹಾಗೆ, ಅವನನ್ನು ಒಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ಆ ಮೌನವನ್ನು ಅವನು ಕೆಲವು ದಿನ ಒಪ್ಪಿಗೆ ಎಂದುಕೊಂಡ, ಕೆಲವು ದಿನ ಹಾಗಲ್ಲ ಎಂದುಕೊಂಡ. ಆಕೆಯ ಬೀದಿಗೆ ಮಾತ್ರ ಹೋಗಲಿಲ್ಲ. ಈಗ ಬೇರೆ ಊರುಗಳ ಕೂಟದವರೆಲ್ಲ ನೋಡಲು ಬರುತ್ತಿದ್ದಾರೆ, ಪುರಭವನದಲ್ಲಿ ಅದನ್ನೇ ಇನ್ನೊಮ್ಮೆ ಹೇಳಬೇಕು ಎಂದು ಮೇಡಂ ಹೇಳಿಕಳಿಸಿದ್ದರು. 'ಅದನ್ನೇ,' ಎಂದಿದ್ದರು. 'ಆ ಕೊನೆ ಮಾತಿಗೆ ಸ್ವಲ್ಪ ನಿಲ್ಲಿಸಿ ಹೇಳಿ.'

ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ಕಾಣಿಸಿಕೊಂಡವನು ಟೈರ್ ಅಂಗಡಿಯವನು. ಅವನು ಗೇಟಿನ ಈಚೆಯವನೇ, ಪಂಕ್ಚರ್ ಹಾಕಿ ಹಾಕಿ ಬೆರಳ ಸಂದಿಯೆಲ್ಲ ಕಪ್ಪಾಗಿತ್ತು. ಆ ಕಲ್ಲು ಅವನ ಕೈಯಿಂದಲೇ ಹೋದದ್ದು ಎಂಬುದು ಊರಿಗೆಲ್ಲ ಗೊತ್ತಿತ್ತು. ಆಕೆಯೊಬ್ಬಳನ್ನು ಬಿಟ್ಟು ಸಾಕ್ಷಿ ಹೇಳುವವರು ಸಿಗದೆ ಕೇಸು ಬಿದ್ದುಹೋಗಿತ್ತು. ಇವತ್ತು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಳಗೆ ಕಾಲಿಡಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದ.

'ಮನೆಗೆ ಹೋಗಿದ್ದೆ ಸಾರ್. ಅತ್ತಿಗೆ ಇಲ್ಲಿದ್ದೀರಿ ಅಂದ್ರು. ಅದೇನೋ ಅರ್ಜೆಂಟ್ ಸೆಟ್ಟಂತೆ, ಅಂತ ನಕ್ಕರು.'

'ಹೂಂ. ಬಾ, ಕೂತ್ಕೋ.'

ಅವನು ಕೂರಲಿಲ್ಲ. ಪ್ಲಾಸ್ಟರಿನ ಬಾಯಿಗಳನ್ನು ನೋಡಿದ. 'ಇಷ್ಟೊಂದು ಬಾಯಿ ಇಟ್ಕೊಂಡು ಅದ್ಹೇಗೆ ಸಾರ್ ಒಬ್ರೇ ಕೂತಿರ್ತೀರಿ? ನಾನಾಗಿದ್ರೆ ಯಾರಾದ್ರೂ ಮಾತಾಡ್ಬಿಡ್ತಾರೇನೋ ಅಂತ ಓಡ್ತಿದ್ದೆ,' ಎಂದು ತಾನೇ ನಕ್ಕು, ತಾನೇ ನಿಲ್ಲಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ: 'ಇವತ್ತು ಮುಂದಿನ ಸಾಲಲ್ಲಿ ಕೂತ್ಕೋ ಅಂದ್ರು ಮೇಡಂ. ಗುಂಡಿ ಅಂಗಡಿಯೋರ ಅಣ್ಣನ ಪಕ್ಕ. ಕೂತ್ಕೊಳ್ಳಲಾ?'

'ಅದನ್ನ ನನ್ನ ಯಾಕಪ್ಪ ಕೇಳ್ತೀಯ?'

'ನೀವು ತಾನೇ ಅವರ ಮಾತು ಕೇಳಿಸ್ಕೊಂಡೋರು.' ಕಪ್ಪು ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡ. 'ಆ ದಿನ ನೀವು ಹೇಳಿದ್ಮೇಲೆ ನಾನು ಅವರ ಅಂಗಡಿಗೆ ಹೋಗ್ತಾ ಇದ್ದೀನಿ ಸಾರ್. ಅಣ್ಣನ ಹತ್ರ ಕೂತ್ಕೋತೀನಿ. ಅವರು ಗುಂಡಿ ಮುಟ್ಟಿ ನೋಡಿ ಬೇರೆ ಮಾಡ್ತಾರೆ, ನಾನು ಡಬ್ಬಿಗೆ ಹಾಕ್ತೀನಿ. ಆಕೆ ಮಾತ್ರ ನನ್ನ ಹತ್ರ ಈವರೆಗೆ ತುಟಿ ಬಿಚ್ಚಿಲ್ಲ. ಬಾ ಅಂತಲೂ ಅಂದಿಲ್ಲ, ಹೋಗು ಅಂತಲೂ ಅಂದಿಲ್ಲ. ಆದ್ರೂ ಆ ಮಾತು ಹೇಳಿದಾರಲ್ಲ, ನನಗೆ ಅಷ್ಟು ಸಾಕು. ಅದನ್ನ ಇಟ್ಕೊಂಡೇ ಹೋಗ್ತೀನಿ.' ತಲೆ ಎತ್ತಿದ. 'ನಿಜ ತಾನೇ ಸಾರ್? ನಿಮ್ಮ ಹತ್ರ ಹಾಗೇ ಅಂದ್ರಾ?'

ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು. ಅವನು ಚಿಮುಟ ಎತ್ತಿಕೊಂಡ, ಸರಿಯಾಗಿಯೇ ಕೂತಿದ್ದ ಹಲ್ಲೊಂದನ್ನು ಕದಲಿಸಿದ.

'ನಿಯಮ ನಿನಗೂ ಗೊತ್ತಲ್ಲ,' ಎಂದ. 'ಬಿಡಬಹುದು, ಸೇರಿಸಬಾರದು.'

ಟೈರ್ ಅಂಗಡಿಯವನ ಮುಖ ಅರಳಿತು. 'ಅದೇ ಮತ್ತೆ,' ಎಂದು ಎರಡೂ ಕೈ ಎತ್ತಿ ಮುಗಿದು ಇಳಿದುಹೋದ. ಸುಳ್ಳು ಹೇಳದೆಯೇ ಸುಳ್ಳು ಹೇಳುವ ಈ ಜಾಣತನ ತನಗೆ ಎಲ್ಲಿಂದ ಬಂತು ಎಂದು ಅವನಿಗೆ ಆಶ್ಚರ್ಯವಾಯಿತು. ಕದಲಿಸಿದ ಹಲ್ಲನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ನೋಡಿದ, ಅದು ಬರಲಿಲ್ಲ. ಮೇಣವನ್ನೆಲ್ಲ ಕರಗಿಸಿ ಮೊದಲಿಂದ ಶುರುಮಾಡಬೇಕಾಗಿತ್ತು. ದೀಪ ಆರಿಸಿ ಎದ್ದ.

ಮನೆಯಲ್ಲಿ ಹೆಂಡತಿ ಊಟಕ್ಕೆ ಕಾದಿದ್ದಳು. ಅವಳು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಇಡೀ ದಿನ ಬೇರೆಯವರ ಮಾತನ್ನು ಇನ್ಯಾರಿಗೋ ಜೋಡಿಸಿಕೊಟ್ಟು ಕೈತೊಳೆದುಕೊಳ್ಳುವ ಕೆಲಸ. 'ಬಂದ್ರಾ ಭಾಷಣಕಾರರು,' ಎಂದಳು. 'ಇವತ್ತು ಎಷ್ಟು ಜನರನ್ನ ಅಳಿಸ್ತೀರಿ?' ಅವನು ತಟ್ಟೆಯಲ್ಲಿ ಕೈಯಾಡಿಸುತ್ತ, ಆ ಮಾತು ಆಕೆಯದಲ್ಲ, ತನ್ನದು ಎಂದು ಹೇಳಿದ. ಇಷ್ಟು ದಿನ ಹೇಳಿರಲಿಲ್ಲ.

'ನಂಗೆ ಅವತ್ತೇ ಅನ್ನಿಸ್ತು,' ಎಂದಳು.

'ಯಾಕೆ?'

'ಅದು ನಿಮ್ಮ ದನಿ. ನಮ್ಮ ಅಪ್ಪ ನನ್ನ ಮೇಲೆ ಮುನಿಸ್ಕೊಂಡಾಗ, ಅವರು ಎಲ್ಲ ಮರೆತಿದಾರೆ ಕಣೇ, ಅಂತ ನೀವು ನನಗೆ ಬಂದು ಹೇಳಿದ್ರಲ್ಲ, ಆ ದನಿ.'

'ಅದರಿಂದ ಒಳ್ಳೇದೇ ಆಯ್ತಲ್ಲ.'

'ಆಯ್ತು. ಅಪ್ಪ ಮರೆತಿರಲಿಲ್ಲ, ಅಷ್ಟೇ.' ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. 'ಈಗ ಏನ್ಮಾಡ್ತೀರಿ?'

'ಅದೇ ಗೊತ್ತಾಗ್ತಿಲ್ಲ. ಮತ್ತೆ ಹೇಳಿದ್ರೆ ಸುಳ್ಳು ಗಟ್ಟಿಯಾಗುತ್ತೆ. ಹೇಳದಿದ್ರೆ...'

'ನನ್ನ ಕೇಳಿದ್ರೆ? ಆಕೆ ಅಂಗಡಿಗೆ ಹೋಗಿ. ಹೀಗೆ ಮಾಡ್ಬಿಟ್ಟೆ, ಈಗ ಏನು ಹೇಳ್ಲಿ ಅಂತ ಕೇಳಿ. ಆಕೆ ಮಾತಿಗೆ ಆಕೆಯೇ ಯಜಮಾನಿ ಅಲ್ವಾ?'

ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅವಮಾನವಾಯಿತು. ಹೊಳೆದಿದ್ದರೂ ಹೋಗುತ್ತಿರಲಿಲ್ಲ ಎಂಬುದು ಅದರ ಬೆನ್ನಿಗೇ ಗೊತ್ತಾಯಿತು. ಆದರೂ ಬೇಗ ಉಂಡು ಹೊರಟ. ಗೇಟು ತೆರೆದಿತ್ತು. ಹಳಿ ದಾಟುವಾಗ ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ಅಂಗಿಯ ಕಾಲರ್ ಸರಿಮಾಡಿಕೊಂಡ. ಆಚೆ ಬೀದಿಯ ಬಟ್ಟೆ ಇಸ್ತ್ರಿಯವ, ಬೀಗದ ಕೈ ಮಾಡುವವ, ಎಲ್ಲರೂ ಈಗ ಅವನಿಗೆ ತಲೆಯಾಡಿಸುತ್ತಿದ್ದರು. ಆ ದಿನದ ಚಪ್ಪಾಳೆಯ ಗಳಿಕೆ. ಒಬ್ಬ ಮುದುಕ ಬೆಂಚಿನಿಂದ ಎದ್ದು ಬಂದು ಅವನ ಕೈ ಹಿಡಿದುಕೊಂಡು ಒತ್ತಿದ. ತನ್ನ ಕೈ ಬೆವರುತ್ತಿದೆ ಎಂಬುದೊಂದೇ ಹಲ್ಲು ಕಟ್ಟುವವನ ತಲೆಯಲ್ಲಿ ಉಳಿಯಿತು.

ಗುಂಡಿ ಅಂಗಡಿಯ ಎದುರಿನ ಕಟ್ಟಡದ ನೆರಳಿನಲ್ಲಿ ನಿಂತ. ಶಟರ್ ಅರ್ಧ ತೆರೆದಿತ್ತು. ಬಗ್ಗಿಸಿದ್ದನ್ನು ಬಡಿದು ನೆಟ್ಟಗೆ ಮಾಡಿದ್ದರೂ ಮಧ್ಯದಲ್ಲೊಂದು ಉಬ್ಬು ಉಳಿದುಕೊಂಡಿತ್ತು. ಒಳಗೆ ಆಕೆ ಸ್ಟೂಲಿನ ಮೇಲೆ ನಿಂತು ಮೇಲಿನ ಗೂಡಿನಿಂದ ಡಬ್ಬಿ ಇಳಿಸುತ್ತಿದ್ದಳು. ಕೆಳಗೆ ಅಣ್ಣ, ಕಪ್ಪು ಕನ್ನಡಕ, ಮುಂದೆ ತಟ್ಟೆ. ಬೆರಳುಗಳು ಒಂದೊಂದೇ ಗುಂಡಿಯನ್ನು ಸವರಿ ಪಕ್ಕಕ್ಕಿಡುತ್ತಿದ್ದವು. 'ಏನೇ, ಇನ್ನೂ ಹೊರಡ್ಲಿಲ್ವಾ? ನಿನ್ನ ಕಥೆ ನೀನಿಲ್ದೇನೇ ಮುಗಿದುಹೋಗುತ್ತೆ ನೋಡು,' ಎಂದ ಅಣ್ಣ. ಆಕೆ ನಕ್ಕಳು. 'ಅದು ಹೇಗೂ ನಾನಿಲ್ದೇನೇ ನಡೆಯೋದು ಬಿಡು,' ಎಂದಳು. ರಸ್ತೆ ದಾಟಿದರೆ ಅಂಗಡಿ. ಬಾಯಿಗೆ ಬೇಕಾದ ಮಾತನ್ನು ಜೋಡಿಸಿಕೊಂಡ: ಅಕ್ಕ, ಒಂದು ತಪ್ಪಾಯ್ತು. ಅದು ನಾಟಕದ ಮಾತಿನಂತೆ ಕೇಳಿಸಿತು. ಬೇರೆ ಜೋಡಿಸಿದ, ಅದೂ ಹಾಗೇ. ಆಕೆ ಏನನ್ನಬಹುದು ಎಂಬುದನ್ನೂ ಜೋಡಿಸಿದ, ಅದಕ್ಕೆ ತಾನು ಕೊಡುವ ಉತ್ತರವನ್ನೂ. ಹೀಗೆ ನಿಂತಲ್ಲೇ ಇಬ್ಬರ ಮಾತೂ ಮುಗಿದುಹೋಯಿತು. ಒಳಗೆ ಹೋಗುವುದಕ್ಕೆ ಏನೂ ಉಳಿದಿಲ್ಲ ಎಂಬಂತೆ ಹಿಂದಕ್ಕೆ ತಿರುಗಿದ. ಗೇಟಿನ ಹತ್ತಿರ ಬರುವಷ್ಟರಲ್ಲಿ ತೀರ್ಮಾನವೊಂದು ತಾನಾಗಿ ಆಗಿತ್ತು: ವೇದಿಕೆಯ ಮೇಲೆಯೇ ನಿಜ ಹೇಳಿಬಿಡುವುದು. ಎಲ್ಲರ ಮುಂದೆ ಕಟ್ಟಿದ್ದನ್ನು ಎಲ್ಲರ ಮುಂದೆಯೇ ಬಿಚ್ಚುವುದು. ಅದು ಧೈರ್ಯದ ಕೆಲಸ ಅನ್ನಿಸಿತು. ಆ ಅನ್ನಿಸಿಕೆ ಅವನಿಗೆ ಹಿತವಾಗಿತ್ತು, ಆದ್ದರಿಂದ ಅದರ ಮೇಲೆ ಅನುಮಾನವೂ ಬಂತು. ಆದರೆ ಅಷ್ಟರಲ್ಲಿ ಪುರಭವನ ಬಂದಿತ್ತು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಪುರಭವನ ತುಂಬಿತ್ತು. ಬೇರೆ ಊರುಗಳಿಂದ ಬಂದವರು ಎದೆಗೆ ಬಿಳಿ ಚೀಟಿ ಅಂಟಿಸಿಕೊಂಡು ಮೊದಲ ಸಾಲುಗಳಲ್ಲಿ ಕೂತಿದ್ದರು. ಅವರ ನಡುವೆ ಅಣ್ಣ, ಪಕ್ಕದಲ್ಲಿ ಟೈರ್ ಅಂಗಡಿಯವನು. ಅಣ್ಣ ಏನೋ ಕೇಳುತ್ತಿದ್ದ, ಟೈರ್ ಅಂಗಡಿಯವನು ಅವನ ಕಿವಿಗೆ ಬಗ್ಗಿ ವೇದಿಕೆಯ ಮೇಲೆ ಏನೇನಿದೆ ಎಂದು ಹೇಳುತ್ತಿದ್ದ. ಪರದೆಯ ಬಣ್ಣ ಹೇಳಿದನೋ ಏನೋ, ಅಣ್ಣ ಮುಖ ಕಿವುಚಿದ, ಇಬ್ಬರೂ ನಕ್ಕರು. ವೇದಿಕೆಯ ಮೇಲೆ ಎರಡು ಕುರ್ಚಿ. ಗುಂಡಿ ಅಂಗಡಿಯಾಕೆ ಮೊದಲು ಎದ್ದು ಹೋಗಿ ಅವನ ಕಥೆಯನ್ನು ಹೇಳಿದಳು: ಬಾಗಿಲು, ಬಟ್ಟೆ, ಕಿಟಕಿ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅವನು ಮೈಕಿನ ಮುಂದೆ ನಿಂತ. ಶಟರ್, ಟ್ರೇ, ಗುಂಡಿ, ಅಣ್ಣ. ದನಿ ತಾನಾಗಿ ಇಳಿಯುವ ಕಡೆ ಇಳಿಯಿತು, ತಡೆಯಲು ನೋಡಿದರೂ ಆಗಲಿಲ್ಲ. ಮುಖ ನಾನು ನೋಡಿದ್ದೇನೆ ಎಂದ. ನಿಲ್ಲಿಸಿದ. ಮೇಡಂ ಪರದೆಯ ಬದಿಯಲ್ಲಿ ನಿಂತು ಕೈಯೆರಡನ್ನೂ ಎದೆಗೆ ಒತ್ತಿಕೊಂಡಿದ್ದರು.

'ಇದರ ಮುಂದೆ ನಾನು ಹೋದ ಸಲ ಒಂದು ಮಾತು ಹೇಳಿದ್ದೆ,' ಎಂದ. 'ಕ್ಷಮಿಸಿದ್ದೇನೆ ಅಂತ. ಅದನ್ನು ಇವರು ಹೇಳಿರಲಿಲ್ಲ. ನಾನು ಸೇರಿಸಿದ್ದು. ಇವರು ಯಾರನ್ನೂ ಕ್ಷಮಿಸಿಲ್ಲ.'

ಯಾವುದೋ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು. ಟೈರ್ ಅಂಗಡಿಯವನು ಎದ್ದಿದ್ದ. ಯಾರನ್ನೂ ನೋಡದೆ, ಜನರ ಮೊಣಕಾಲುಗಳನ್ನು ದಾಟಿಕೊಂಡು, ಪ್ರತಿಯೊಬ್ಬರಿಗೂ ಸಾರಿ ಸಾರಿ ಎನ್ನುತ್ತ, ಸಾಲಿನ ತುದಿಯವರೆಗೆ ಹೋದ. ಬಾಗಿಲು ತೆರೆದು ಮುಚ್ಚಿತು. ಅಣ್ಣ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟ. ಬೆನ್ನು ಸವರಿದ, ಕೂರುವ ಜಾಗ ಸವರಿದ. 'ಎದ್ದು ಹೋದ್ನಾ?' ಎಂದು ಕೇಳಿದ್ದು ಆ ನಿಶ್ಶಬ್ದದಲ್ಲಿ ವೇದಿಕೆಯವರೆಗೂ ಕೇಳಿಸಿತು. ಮೇಡಂ ಓಡಿಬಂದು ಮೈಕ್ ಹಿಡಿದು ಮುಂದಿನದು ಮಕ್ಕಳ ಸಮೂಹಗಾನ ಎಂದರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮಡಿಸಿದ ಕುರ್ಚಿಗಳನ್ನು ಗೋಡೆಗೆ ಒರಗಿಸಿದ್ದರು. ಆಕೆ ಅವನ ಹಿಂದೆಯೇ ಬಂದು ಬಾಗಿಲು ಹಾಕಿದಳು. ಆಕೆಗೆ ಬಂದದ್ದು ಅಳುವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ. ದನಿ ಮಾತ್ರ ತಗ್ಗಿಯೇ ಇತ್ತು.

'ಯಾರು ಹೇಳಿದ್ರು ನಿಮಗೆ?'

'ಏನನ್ನ ಅಕ್ಕ?'

'ನಾನು ಕ್ಷಮಿಸಿಲ್ಲ ಅಂತ.'

ಅವನು ಬಾಯಿ ತೆರೆದ. 'ನೀವು ಆ ದಿನ ಆ ಮಾತು...'

'ಆ ದಿನ ನಾನು ಏನೂ ಹೇಳ್ಲಿಲ್ಲ. ಕ್ಷಮಿಸಿದೀನಿ ಅಂತಲೂ ಹೇಳ್ಲಿಲ್ಲ, ಇಲ್ಲ ಅಂತಲೂ ಹೇಳ್ಲಿಲ್ಲ. ಗಂಟೆ ಹೊಡೀತು. ಅವತ್ತು ನನ್ನ ಕೇಳದೇನೇ ಕ್ಷಮಿಸಿದ್ರಿ. ಇವತ್ತು ನನ್ನ ಕೇಳದೇನೇ ಅದನ್ನ ವಾಪಸ್ ತಗೊಂಡ್ರಿ. ಮಧ್ಯಾಹ್ನ ನಮ್ಮ ಅಂಗಡಿ ಎದುರು ಕಂಬದ ಥರ ನಿಂತಿದ್ರಲ್ಲ, ನಾನು ನೋಡ್ದೆ. ಈಗ ಬರ್ತಾರೆ, ಈಗ ಕೇಳ್ತಾರೆ ಅಂತ ಸ್ಟೂಲಿಂದ ಇಳಿದೆ. ತಲೆ ತಿರುಗಿಸ್ಕೊಂಡು ಹೋದ್ರಿ.'

'ನಿಜ ಹೇಳ್ಬೇಕು ಅಂತ...'

'ಯಾರ ನಿಜ? ನಿಮ್ಮ ಎದೆ ಹಗುರ ಆಯ್ತು, ಅಲ್ವಾ? ನಮ್ಮಣ್ಣ ಅಲ್ಲಿ ಖಾಲಿ ಕುರ್ಚಿ ಸವರ್ತಾ ಕೂತಿದಾನೆ.' ಹೊರಗೆ ಮಕ್ಕಳು ತಪ್ಪು ಶ್ರುತಿಯಲ್ಲಿ ಹಾಡು ಎತ್ತಿಕೊಂಡರು. ಆಕೆ ಕಣ್ಣು ಮುಚ್ಚಿ ತೆರೆದಳು. 'ಆ ಟೈರಿನೋನು ಬರ್ತಾನೆ, ಕೂರ್ತಾನೆ. ಅಣ್ಣ ನಗ್ತಾನೆ. ಕಣ್ಣು ಹೋದ್ಮೇಲೆ ಅಣ್ಣ ಯಾರ ಹತ್ರಾನೂ ಹಾಗೆ ನಕ್ಕಿರಲಿಲ್ಲ. ಅದನ್ನ ನೋಡಿದ್ರೆ ನನಗೆ ಅವನ ಕೈ ಮುರೀಬೇಕು ಅನ್ಸುತ್ತೆ. ಅವನು ಒಂದು ವಾರ ಬರದಿದ್ರೆ ಯಾಕೆ ಬರ್ಲಿಲ್ಲ ಅಂತ ಬೀದಿ ನೋಡ್ತೀನಿ. ಇದನ್ನ ಏನಂತಾರೆ ನನಗೆ ಗೊತ್ತಿಲ್ಲ. ಗೊತ್ತಾಗೋವರೆಗೆ ಬಾಯಿ ಮುಚ್ಕೊಂಡು ಇರೋಣ ಅಂತಿದ್ದೆ. ನಿಮಗೇನು ಅವಸರ ಇತ್ತು?'

ಉತ್ತರವಾಗಿ ಹೇಳಬಹುದಾದ ಹಲವು ಮಾತುಗಳು ಅವನಿಗೆ ತೋಚಿದವು. ಎಲ್ಲವೂ ಚೆನ್ನಾಗಿದ್ದವು. ಯಾವುದನ್ನೂ ಹೇಳಲಿಲ್ಲ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹಿಂಬಾಗಿಲ ಚಿಲಕ ತೆಗೆದಳು.

'ಎಲ್ಲಿಗೆ ಅಕ್ಕ?'

'ಅವನನ್ನ ಕರ್ಕೊಂಡು ಬರೋಕೆ. ಕ್ಷಮಿಸಿದೀನಿ ಅಂತಲ್ಲ. ಅಣ್ಣ ಕಾಯ್ತಿದಾನೆ ಅಂತ.' ಹೊಸ್ತಿಲ ಮೇಲೆ ನಿಂತು ತಿರುಗಿದಳು. 'ಅವನ ಅಂಗಡಿ ನನಗೆ ಗೊತ್ತಿಲ್ಲ. ನಿಮ್ಮ ಕಡೆಯದು. ತೋರ್ಸಿ. ಮಾತಾಡ್ಬೇಡಿ.'

ಅವನು ಮುಂದೆ, ಆಕೆ ಹಿಂದೆ. ಭಾನುವಾರದ ಖಾಲಿ ಬೀದಿಗಳು, ಮುಚ್ಚಿದ ಅಂಗಡಿಗಳ ಮುಂದೆ ಒಣಗಲು ಹಾಕಿದ ಬಟ್ಟೆ, ಯಾರದೋ ಮನೆಯ ರೇಡಿಯೋ. ತನ್ನ ಚಪ್ಪಲಿ ಸದ್ದು ಮಾಡುತ್ತಿದೆ ಎಂದು ಅವನಿಗೆ ಅನ್ನಿಸಿತು. ಮೆಲ್ಲಗೆ ಹೆಜ್ಜೆಯಿಟ್ಟರೆ ಆಕೆ ಹತ್ತಿರ ಬಂದುಬಿಡುತ್ತಿದ್ದಳು, ಬೇಗ ಇಟ್ಟರೆ ಓಡಿಹೋಗುವವನಂತೆ ಕಾಣುತ್ತಿತ್ತು. ಈ ಬೀದಿಯಲ್ಲಿ ಆಚೆಯವಳೊಬ್ಬಳು ತನ್ನ ಹಿಂದೆ ನಡೆಯುತ್ತಿರುವುದನ್ನು ಯಾರಾದರೂ ಕಿಟಕಿಯಿಂದ ನೋಡುತ್ತಿರಬಹುದು ಎಂದುಕೊಂಡ. ಹಾಗೆ ಎಂದುಕೊಂಡದ್ದಕ್ಕೆ ನಾಚಿಕೆಯಾಯಿತು. ತಿರುವಿನಲ್ಲಿ ನಿಂತು ಕೈ ತೋರಿಸಿದ.

ಟೈರ್ ಅಂಗಡಿಯ ಮುಂದೆ ಯಾವ ಗಾಡಿಯೂ ಇರಲಿಲ್ಲ. ಆದರೂ ಗಾಳಿ ಹಾಕುವ ಕಂಪ್ರೆಸರ್ ಬೀದಿಯೆಲ್ಲ ನಡುಗುವಂತೆ ಓಡುತ್ತಿತ್ತು. ಅದರ ಪಕ್ಕ ಅಂಗಡಿಯವನು ಹಳೆಯ ಟೈರಿನ ಮೇಲೆ ಇಸ್ತ್ರಿ ಅಂಗಿಯಲ್ಲೇ ಕುಕ್ಕರಿಸಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಆಕೆ ರಸ್ತೆ ದಾಟಿ ಹೋಗಿ ಅವನ ಎದುರು ನಿಂತಳು. ಅವನು ತಟ್ಟನೆ ಎದ್ದ, ಬೆನ್ನು ಟೈರುಗಳ ರಾಶಿಗೆ ತಾಗಿತು. ಆಕೆ ಮಾತಾಡಿದಳು.

ಹಲ್ಲು ಕಟ್ಟುವವನು ತಿರುವಿನಲ್ಲೇ ನಿಂತು ನೋಡಿದ. ಕಂಪ್ರೆಸರಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಬಾಯಿಗಳನ್ನು ಅಷ್ಟು ವರ್ಷ ಕೈಯಲ್ಲಿ ಹಿಡಿದವನು ಆಕೆಯ ತುಟಿ ತೆರೆಯುವುದನ್ನೂ ಕೂಡುವುದನ್ನೂ ಮಾತ್ರ ಕಂಡ. ಅಣ್ಣ ಕಾಯ್ತಿದಾನೆ ಎನ್ನಲು ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಆಕೆ ಒಮ್ಮೆ ಕೈ ಎತ್ತಿದಳು, ಹೊಡೆಯಲೋ ತೋರಿಸಲೋ, ಹಾಗೇ ಇಳಿಸಿದಳು. ಇನ್ನೂ ಮಾತಾಡಿದಳು. ಟೈರ್ ಅಂಗಡಿಯವನು ತಲೆ ತಗ್ಗಿಸಿ ಕೇಳುತ್ತಿದ್ದ, ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರವಿದ್ದರೂ ಆರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಇನ್ನು ಸ್ವಲ್ಪ ಮುಂದೆ ಹೋದರೆ ಕೇಳಿಸುತ್ತಿತ್ತು. ಹಲ್ಲು ಕಟ್ಟುವವನ ಕಾಲು ಮುಂದಕ್ಕೆ ಬಂತು. ಅದನ್ನು ಹಿಂದಕ್ಕೆ ಎಳೆದುಕೊಂಡ.

ಆಮೇಲೆ ಅವರಿಬ್ಬರೂ, ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು, ಅವನನ್ನು ದಾಟಿ ಪುರಭವನದ ಕಡೆಗೆ ಹೋದರು. ಕಂಪ್ರೆಸರನ್ನು ಅವನೇ ಹೋಗಿ ಆರಿಸಬೇಕಾಯಿತು.

ಪುರಭವನದ ಮೆಟ್ಟಿಲಲ್ಲಿ ಡ್ರಾಯಿಂಗ್ ಮೇಡಂ ಕಾದಿದ್ದರು. ಮುಖ ಇನ್ನೂ ಬಿಳಚಿಕೊಂಡೇ ಇತ್ತು. ಬಂದವರಿಗೆಲ್ಲ ಏನು ಹೇಳುವುದು ಎಂಬ ಚಿಂತೆ ಅವರದು. ಈಗ ಅವರಿಬ್ಬರೂ ಒಟ್ಟಿಗೆ ಒಳಗೆ ಬಂದದ್ದನ್ನು ನೋಡಿ ಕಣ್ಣಲ್ಲಿ ಮತ್ತೆ ಆಸೆ ಮೂಡಿತ್ತು. ಅವನ ತೋಳು ಹಿಡಿದುಕೊಂಡರು.

'ನೀವು ಜೊತೆಗಿದ್ರಲ್ಲ. ಏನಂದ್ಲು ಅವನಿಗೆ? ಬೇಗ ಹೇಳಿ, ಕೊನೆಗೆ ವೇದಿಕೆ ಮೇಲೆ ಹೇಳ್ಬಹುದು. ಏನಂದ್ಲು?'

ಅವನೊಳಗೆ ವಾಕ್ಯವೊಂದು ಆಗಲೇ ತಯಾರಾಗಿ ನಿಂತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದು ಕೂಡ ಗೊತ್ತಾಗಿತ್ತು.

'ಕೇಳಿಸಲಿಲ್ಲ ಮೇಡಂ,' ಎಂದ.